ರೆಕ್ಕೆಗೆ ಉಪ್ಪು ನೋಡಿದವರು

ಈಗ ಕೋಳಿ ರೆಕ್ಕೆಗೆ ಬಲು ಮರ್ಯಾದೆ ಬಂದಿದೆ. ಚಿಕ್ಕೋಡಿಯ ಹೊಸ ಹೋಟೆಲೊಂದರಲ್ಲಿ ಗಾಜಿನ ಬಾಗಿಲು ಮುಚ್ಚಿ, ತಣ್ಣನೆಯ ಗಾಳಿ ಬಿಟ್ಟು, ಬಿಳಿ ತಟ್ಟೆಯಲ್ಲಿ ಕೆಂಪು ರೆಕ್ಕೆಗಳನ್ನು ಸಾಲಾಗಿ ಜೋಡಿಸಿ ತಂದಿಡುತ್ತಾರೆ. ಕಳೆದ ಬಾರಿ ಹೋದಾಗ ಅಲ್ಲಿನ ಮ್ಯಾನೇಜರ್ ನನ್ನ ಅರೆ ನರೆತ ತಲೆ ನೋಡಿ, ಇದನ್ನು ಕೈಯಲ್ಲಿ ಹಿಡಿದು ಎಲುಬು ತಿರುವಿ ತಿನ್ನಬೇಕು ಎಂದು ಹೇಳಿಕೊಡಲು ಬಂದ. ನನಗೆ! ಇಷ್ಟು ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ ಹರಿತವಾದ ನಾಲಿಗೆ ನನ್ನದು, ಆದರೂ ಸುಮ್ಮನಾದೆ. ಪಾಪ, ಅವನಿಗೇನು ಗೊತ್ತು. ರೆಕ್ಕೆಯ ಋಣ ನನ್ನ ಮೇಲೆ ಎಷ್ಟಿದೆ ಎಂದು ಹೇಳತೊಡಗಿದರೆ ಅವನ ಹೋಟೆಲು ಬಾಗಿಲು ಹಾಕುವ ಹೊತ್ತಾಗುತ್ತಿತ್ತು.

ನಮ್ಮ ಕಡೆ ಮೊದಲು ರೆಕ್ಕೆ ಲೆಕ್ಕಕ್ಕೇ ಇಲ್ಲದ ತುಂಡು. ಮನೆಯಲ್ಲಿ ಕೋಳಿ ಕೊಯ್ದರೆ ತೊಡೆ ಬೀಗರಿಗೆ, ಅಳಿಯ ಬಂದಿದ್ದರೆ ಅಳಿಯನಿಗೆ. ಎದೆಯ ತುಂಡುಗಳು ಮನೆಯ ಗಂಡಸರಿಗೆ. ಈಲಿ, ಅಂದರೆ ಲಿವರ್, ಮಕ್ಕಳಿಗೆ. ಎಲ್ಲರೂ ಉಂಡು ಕೈ ತೊಳೆದು ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುವಾಗ ಪಾತ್ರೆಯ ತಳದಲ್ಲಿ ಕುತ್ತಿಗೆ, ರೆಕ್ಕೆ, ನಾಲ್ಕು ಎಲುಬು ಉಳಿದಿರುತ್ತವಲ್ಲ, ಅದು ಅಡುಗೆ ಮಾಡಿದವಳ ಪಾಲು. ಅಥಣಿಯಲ್ಲಿ ನನ್ನ ತವರಿನಲ್ಲೂ ಹೀಗೇ, ಲಗ್ನವಾಗಿ ಬಂದ ರಾಯಬಾಗ ತಾಲ್ಲೂಕಿನ ಹಳ್ಳಿಯ ಮನೆಯಲ್ಲೂ ಹೀಗೇ ಇತ್ತೆಂದು ಕೇಳಿದ್ದೆ. ಕೇಳಿದ್ದೆ ಅಂದೆ, ನೋಡಲಿಲ್ಲ. ಏಕೆಂದರೆ ನಾನು ಸೊಸೆಯಾಗಿ ಹೊಸ್ತಿಲು ದಾಟುವಷ್ಟರಲ್ಲಿ ಆ ಮನೆಯಲ್ಲಿ ಕೋಳಿ ಬೇಯುವುದು ನಿಂತುಹೋಗಿತ್ತು.

ನನ್ನ ಅತ್ತೆ ಮಾಳಕರಿ. ವಿಠ್ಠಲನ ಹೆಸರಿನಲ್ಲಿ ತುಳಸಿಮಣಿಯ ಮಾಳ ಕೊರಳಿಗೆ ಹಾಕಿಸಿಕೊಂಡವರಿಗೆ ನಮ್ಮ ಗಡಿಭಾಗದಲ್ಲಿ ಹಾಗೆನ್ನುತ್ತಾರೆ. ಮಾಳ ಬಿತ್ತೆಂದರೆ ಮುಗಿಯಿತು, ಮಾಂಸದ ವಾಸನೆಯ ಕಡೆಗೂ ಹೋಗುವಂತಿಲ್ಲ. ಮಾವ ತೀರಿಕೊಂಡ ವರ್ಷ ಅತ್ತೆ ಪಂಢರಪುರಕ್ಕೆ ಹೋಗಿ ಮಾಳ ಹಾಕಿಸಿಕೊಂಡು ಬಂದಿದ್ದರು. ಅದಕ್ಕೂ ಮೊದಲು ಅವರ ಕೈಯ ಕೋಳಿ ಎಂದರೆ ಬೀಗರೆಲ್ಲ ನೆಪ ಹುಡುಕಿಕೊಂಡು ಬರುತ್ತಿದ್ದರಂತೆ. ಮಾಳ ಬಂದ ದಿನವೇ ಮಾಂಸದ ಪಾತ್ರೆಗಳನ್ನೆಲ್ಲ ಹೊಲದ ಪಂಪಿನ ಕೋಣೆಗೆ ಒಯ್ದು ಹಾಕಿದರು. ಪ್ರತಿ ಏಕಾದಶಿ ಗುಡಿಯ ಭಜನೆಯಲ್ಲಿ ತಾಳ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ನನಗೂ ಅವರಿಗೂ ಜಗಳವಿರಲಿಲ್ಲ, ಹಾಗೆಂದು ಹೆಚ್ಚಿನ ಮಾತೂ ಇರಲಿಲ್ಲ. ಸೊಸೆ ಚಿಕ್ಕೋಡಿಯಿಂದ ಹೊರಡುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಸೀಟಿ ಊದುತ್ತಾಳೆ, ಗಂಡಸರಿಗೆ ಜೋರು ಮಾಡುತ್ತಾಳೆ ಎಂಬುದು ಅವರಿಗೆ ಹಿಡಿಸಿರಲಿಲ್ಲವೇನೋ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಬಾಯಿಲ್ಲದಿದ್ದರೆ ನಿಪ್ಪಾಣಿ ಸಂತೆಯ ದಿನದ ಬಸ್ಸಿನಲ್ಲಿ ಯಾರೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ, ನಾನೇನು ಮಾಡಲಿ. ಅತ್ತೆ ಅಂದದ್ದೂ ಇಲ್ಲ, ಆಡಿದ್ದೂ ಇಲ್ಲ. ಬೆಳಗಿನ ಪಾಳಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದರು, ನಾನು ಹೊರಡುತ್ತಿದ್ದೆ.

ಮೊದಲ ಬಸಿರು ನಿಲ್ಲಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಆಗ ನನ್ನ ಗಂಡ, ಅವರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ನನಗೆ ಹೇಳದೆ ಕೇಳದೆ ಹೋಗಿ ತಾವೂ ಒಂದು ಮಾಳ ಹಾಕಿಸಿಕೊಂಡು ಬಂದರು. ಮುಂದಿನ ಕೂಸು ಉಳಿಯಲಿ ಎಂಬ ಹರಕೆ ಅದು. ಅಷ್ಟರವರೆಗೆ ಸಂಬಳದ ದಿನ ಹಾರೂಗೇರಿಯಲ್ಲಿ ಕದ್ದು ಮಟನ್ ಉಂಡು ಬರುತ್ತಿದ್ದ ಮನುಷ್ಯ, ಮೊಟ್ಟೆಯನ್ನೂ ಬಿಟ್ಟರು.

ಎರಡನೆಯ ಸಲ ಬಸಿರಾದಾಗ ದೃಷ್ಟಿಯಾದೀತೆಂದು ಊರಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ನನ್ನ ಹೊಟ್ಟೆ ಸುಮ್ಮನಿರಬೇಕಲ್ಲ. ನೀರು ಕುಡಿದರೂ ವಾಂತಿ. ಬಸ್ಸಿನ ಡೀಸೆಲ್ ವಾಸನೆ ಒಂದು ಕಡೆ, ನಿಪ್ಪಾಣಿಯಲ್ಲಿ ಮೂಟೆ ಮೂಟೆ ತಂಬಾಕು ಹತ್ತಿದರೆ ಅದರ ಘಾಟು ಇನ್ನೊಂದು ಕಡೆ. ನಾನು ಕಿಟಕಿಗೆ ಬಾಗಿದರೆ ನಮ್ಮ ಡ್ರೈವರ್ ಕಾಕಾ ಹಿಂದಿನ ಬಸ್ಸಿನವರ ಬೈಗುಳ ಕೇಳಿಕೊಂಡೇ ಗಾಡಿ ನಿಲ್ಲಿಸುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ನನ್ನನ್ನು ಮಗಳಂತೆ ನೋಡುತ್ತಿದ್ದರು. ಅವರಿಗೊಬ್ಬರಿಗೆ ವಿಷಯ ಹೇಳಲೇಬೇಕಾಯಿತು.

ಚಿಕ್ಕೋಡಿಯ ಡಾಕ್ಟರಮ್ಮ ಪ್ರತಿ ಸಲ ತೂಕದ ಯಂತ್ರದ ಮೇಲೆ ನಿಲ್ಲಿಸಿ ಮುಖ ಗಂಟಿಕ್ಕುತ್ತಿದ್ದರು. ತಾಯಿ ಇಳಿಯುತ್ತಿದ್ದಾಳೆ, ಕೂಸು ಬೆಳೆಯುತ್ತಿಲ್ಲ. ಹೀಗೇ ಆದರೆ ಇದೂ ಕೈಗೆ ಸಿಗುವುದಿಲ್ಲ ಎಂದು ಗಂಡನ ಮುಂದೆ ನೇರವಾಗಿಯೇ ಹೇಳಿದರು. ಏನಾದರೂ ಸರಿ, ಹೊಟ್ಟೆಯಲ್ಲಿ ನಿಲ್ಲುವುದನ್ನು ಹುಡುಕಿ ಎಂದರು.

ಅದು ಸಿಕ್ಕಿದ್ದು ನಿಪ್ಪಾಣಿಯಲ್ಲಿ. ಬಸ್ ನಿಲ್ದಾಣದ ಹೊರಗೆ ಸಂಜೆ ಒಂದು ಕೈಗಾಡಿ ನಿಲ್ಲುತ್ತಿತ್ತು. ಗಾಡಿಯವನು ರೆಕ್ಕೆಯ ದಪ್ಪ ತುಂಡಿನ ಮಾಂಸವನ್ನು ಮೇಲಕ್ಕೆಳೆದು ಲಾಲಿಪಾಪ್ ಮಾಡಿ ಮಾರುತ್ತಿದ್ದ. ಉಳಿದ ಚಪ್ಪಟೆ ತುಂಡು, ತುದಿ, ಚರ್ಮದ ಸಮೇತ ಹಂಚಿನ ಅಂಚಿನಲ್ಲಿ ಬಿದ್ದು ಗರಿಗರಿಯಾಗುತ್ತಿದ್ದವು. ಅವನ್ನು ಹಮಾಲರು ತಿನ್ನುತ್ತಿದ್ದರು. ಆ ದಿನ ಗಾಳಿ ನನ್ನ ಕಡೆಗೆ ಬೀಸಿತು. ಎಷ್ಟೋ ವಾರಗಳ ಮೇಲೆ ಬಾಯಲ್ಲಿ ನೀರು ಬಂತು. ಹೆಗಲಿಗೆ ಟಿಕೆಟ್ ಚೀಲ, ಮೈಮೇಲೆ ಖಾಕಿ, ಹಮಾಲರ ನಡುವೆ ನಿಂತು ನಾನು ರೆಕ್ಕೆ ಕಚ್ಚಿ ಎಲುಬು ಚೀಪಿದೆ. ಗಾಡಿಯವನು ಮರಾಠಿಯಲ್ಲಿ ಇನ್ನೂ ಬೇಕೇ ಅಕ್ಕಾ ಎಂದ. ಬೇಕು ಎಂದೆ. ಚಿಕ್ಕೋಡಿ ಮುಟ್ಟುವವರೆಗೆ ಕಾಕಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ವಾಂತಿಯಾಗಲಿಲ್ಲ.

ಹೀಗೆ ಒಂದಿಷ್ಟು ದಿನ ನಡೆಯಿತು. ಆಮೇಲೆ ಡಾಕ್ಟರಮ್ಮ ಬಸ್ಸಿನ ಕುಲುಕಾಟ ಸಾಕು, ಮನೆಯಲ್ಲಿ ಮಲಗು ಎಂದು ರಜೆ ಹಾಕಿಸಿದರು. ರಜೆಯೇನೋ ಸಿಕ್ಕಿತು, ನಿಪ್ಪಾಣಿ ತಪ್ಪಿತು. ಗಂಡ ಒಂದೆರಡು ಸಲ ಅಲ್ಲಿಂದ ಕಟ್ಟಿಸಿಕೊಂಡು ಬಂದರು. ಮನೆ ಮುಟ್ಟುವಷ್ಟರಲ್ಲಿ ಅದು ತಣ್ಣಗಾಗಿ ಮೆತ್ತಗಾಗಿ, ಎಣ್ಣೆಯ ವಾಸನೆಗೇ ನನ್ನ ಹೊಟ್ಟೆ ಮಗುಚುತ್ತಿತ್ತು. ಬಿಸಿಬಿಸಿಯಾಗಿ, ಚರ್ಮ ಗರಿಗರಿಯಾಗಿ ಇದ್ದರೆ ಮಾತ್ರ ಒಳಗೆ ಇಳಿಯುವುದು. ನಾನೇ ಮಾಡಿಕೊಳ್ಳೋಣವೆಂದರೆ ಹಸಿ ಮಾಂಸ ಕಂಡರೆ ತಲೆ ತಿರುಗುತ್ತಿತ್ತು. ಮತ್ತೆ ಗಂಜಿ, ಮತ್ತೆ ವಾಂತಿ.

ಒಂದು ಬೆಳಗ್ಗೆ ಅತ್ತೆ ಹಾಸಿಗೆಯ ಬಳಿ ಬಂದು ಕುಳಿತರು. ಆ ಗಾಡಿಯವ ಏನು ಹಾಕುತ್ತಾನೆ, ಚರ್ಮ ಬಿಡುತ್ತಾನೋ ತೆಗೆಯುತ್ತಾನೋ, ಖಾರ ಯಾವ ಬಣ್ಣದ್ದು ಎಂದು ಒಂದೊಂದಾಗಿ ವಿಚಾರಿಸಿದರು. ನಾನು ಹೇಳುತ್ತಾ ಹೋದಂತೆ ಅವರ ಮುಖದಲ್ಲಿ ನಗು ಬಂತು. ಆ ಮನೆಯಲ್ಲಿ ನಾನು ನೋಡಿದ ಮೊದಲ ನಿಜವಾದ ನಗು ಅದು.

“ರೆಕ್ಕಿ ನನಗ ಬಿಟ್ಟ ಯಾರಿಗಿ ಗೊತ್ತಬೇ,” ಎಂದರು. “ಮೂವತ್ತು ವರ್ಸ ನನ್ನ ಪಾಲಿಗಿ ಬಂದದ್ದ ಅದು. ಎಲ್ಲಾರೂ ಉಂಡ ಎದ್ದ ಮ್ಯಾಲ ಹಂಚಿನ ಮ್ಯಾಲ ಹಾಕ್ಕೊಂಡ, ಒಬ್ಬಾಕಿನ ಕುಂತ ತಿಂತಿದ್ದೆ. ತೊಡಿ ತಿಂದವರಿಗೂ ಆ ರುಚಿ ಸಿಕ್ಕಿಲ್ಲ.”

ಮನೆಯೊಳಗೆ ಬೇಡ, ಹೊಲದಲ್ಲಿ ಮಾಡುತ್ತೇನೆ, ಮಾಡಿ ಮಿಂದು ಒಳಗೆ ಬರುತ್ತೇನೆ ಎಂದರು. ಕೈಯಿಂದ ಮಾಡಿದರೆ ಮಾಳಕ್ಕೇನೂ ಆಗುವುದಿಲ್ಲ, ಬಾಯಿಗೆ ಹಾಕಬಾರದು ಅಷ್ಟೇ ಎಂದು ತಮಗೆ ತಾವೇ ಹೇಳಿಕೊಂಡರು.

ಬರಿಯ ರೆಕ್ಕೆ ಹುಡುಕುವುದು ಸುಲಭವಿರಲಿಲ್ಲ. ಒಂದು ಕೋಳಿಗೆ ದೇವರು ಕೊಟ್ಟದ್ದೇ ಎರಡು. ಅಂಗಡಿಯವರ ರೆಕ್ಕೆಯೆಲ್ಲ ಲಾಲಿಪಾಪ್ ಗಾಡಿಗಳಿಗೆ ಹೋಗುತ್ತಿತ್ತು. ಮೇಲಾಗಿ ಅವರು ಪುಕ್ಕದ ಜೊತೆ ಚರ್ಮವನ್ನೂ ಅಂಗಿ ಕಳಚಿದಂತೆ ಎಳೆದು ಎಸೆಯುತ್ತಾರೆ. ಚರ್ಮ ಬಿಟ್ಟು ಪುಕ್ಕ ಮಾತ್ರ ಕೀಳು ಎಂದರೆ ಯಾರಿಗೆ ಪುರುಸೊತ್ತು. ಆ ಕೆಲಸ ಹೊತ್ತವರು ಡ್ರೈವರ್ ಕಾಕಾ. ಅಥಣಿ, ಕಾಗವಾಡ, ರಾಯಬಾಗ, ಬಸ್ಸು ನಿಂತಲ್ಲೆಲ್ಲ ಕೋಳಿ ಅಂಗಡಿಯವರಿಗೆ ದುಂಬಾಲು ಬಿದ್ದು, ಎರಡು ಇಲ್ಲಿ, ನಾಲ್ಕು ಅಲ್ಲಿ ಎಂದು ಕೂಡಿಸಿ, ಡಬ್ಬಿಯಲ್ಲಿ ಹಾಕಿ, ನಮ್ಮೂರ ಕ್ರಾಸಿನಲ್ಲಿ ಬಸ್ಸು ನಿಲ್ಲುವ ಅರೆ ನಿಮಿಷದಲ್ಲಿ ನನ್ನ ಗಂಡನ ಕೈಗೆ ಕೊಟ್ಟು ಹೊರಡುತ್ತಿದ್ದರು. ಮನೆಯಲ್ಲಿ ಬಸಿರಿ ಇದ್ದಾಳೆ ಎಂದು ಹೇಳಿದ್ದಕ್ಕೆ ಕಾಗವಾಡದ ಅಂಗಡಿಯವನು ದುಡ್ಡೇ ತೆಗೆದುಕೊಳ್ಳಲಿಲ್ಲವಂತೆ. ಆ ಪುಣ್ಯಾತ್ಮನ ಮುಖ ನಾನು ಇವತ್ತಿಗೂ ನೋಡಿಲ್ಲ.

ಮೊದಲ ದಿನದ ಕಥೆ ಕೇಳಿ. ಅಥಣಿಯ ಅಂಗಡಿಯವನು ಬಿಸಿಲಿಗೆ ಕೆಡಬಾರದೆಂದು ರೆಕ್ಕೆಗೆ ಉಪ್ಪು ಅರಿಶಿನ ತಿಕ್ಕಿ ಕೊಟ್ಟಿದ್ದ. ಕಾಕಾ ಅದನ್ನು ನೋಡದೆ, ದಾರಿಯಲ್ಲಿ ಒಂದು ಪುಡಿಕೆ ಉಪ್ಪು ಕೊಂಡು ತಾವೂ ತಿಕ್ಕಿದರು. ಅತ್ತೆ ತಮ್ಮ ಪದ್ಧತಿಯಂತೆ ಮುಷ್ಟಿ ಉಪ್ಪು ಹಾಕಿ ಬೇಯಲು ಇಟ್ಟರು. ಯಾರಿಗೂ ಯಾರೂ ಹೇಳಲಿಲ್ಲ, ಮೊಬೈಲು ಎಲ್ಲರ ಕಿಸೆಗೆ ಬಂದ ಕಾಲವಲ್ಲ. ಬೇರೆ ಮನೆಯಾಗಿದ್ದರೆ ಯಾರಾದರೂ ಒಂದು ಚೂರು ಬಾಯಿಗೆ ಹಾಕಿ ಅಯ್ಯಯ್ಯೋ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅತ್ತೆಯ ಕೊರಳಲ್ಲಿ ಮಾಳ, ಗಂಡನ ಕೊರಳಲ್ಲಿ ಮಾಳ. ಎಡಕ್ಕೂ ಬಲಕ್ಕೂ ಜೈನರ ಮನೆಗಳು. ಬಹಳ ಒಳ್ಳೆಯ ಜನ, ಆದರೆ ಬೆಳ್ಳುಳ್ಳಿಯನ್ನೂ ಮುಟ್ಟದವರ ಬಾಗಿಲಿಗೆ ಹೋಗಿ ಕೋಳಿಯ ಉಪ್ಪು ನೋಡಿ ಅನ್ನಲಾದೀತೇ?

ತಟ್ಟೆ ಬಂತು. ಬಣ್ಣ, ವಾಸನೆ ಎಲ್ಲ ನಿಪ್ಪಾಣಿಯದನ್ನು ಮೀರಿಸಿತ್ತು. ಆಸೆಯಿಂದ ದೊಡ್ಡದಾಗಿ ಕಚ್ಚಿದೆ. ಸಮುದ್ರವೇ ಬಾಯಿಗೆ ಬಂದಂತಾಯಿತು. ಅಂಗಳಕ್ಕೆ ಓಡಿ, ಅದರ ಜೊತೆಗೆ ಬೆಳಗಿನ ಗಂಜಿಯನ್ನೂ ಹೊರಗೆ ಹಾಕಿ, ಗೋಡೆ ಹಿಡಿದು ಕುಳಿತೆ. ಆ ದಿನ, ಮರುದಿನ, ಅದರ ಮರುದಿನವೂ ಒಂದು ತುತ್ತು ಇಳಿಯಲಿಲ್ಲ. ರೆಕ್ಕೆ ಎಂಬ ಒಂದು ದಾರಿ ಉಳಿದಿತ್ತು, ಅದೂ ಮುಚ್ಚಿತು ಎಂದು ನನಗೆ ಅಳು ಬಂತು. ಡಾಕ್ಟರಮ್ಮನ ತೂಕದ ದಿನ ಹತ್ತಿರ ಬಂದಿತ್ತು. ಕೂಸು ಅಲುಗಾಡುತ್ತಿದೆಯೋ ಇಲ್ಲವೋ ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದೆ.

ನಾಲ್ಕನೆಯ ದಿನ ಬೆಳಗ್ಗೆ ಕಾಕಾರ ಡಬ್ಬಿ ಮತ್ತೆ ಬಂದಿತ್ತು. ನಾನು ಎದ್ದು ಹೊರಗೆ ಬಂದಾಗ ಅತ್ತೆ ಬಾವಿಯಿಂದ ನೀರು ತರುತ್ತಿದ್ದರು. ಏನೋ ಬದಲಾಗಿದೆ ಅನ್ನಿಸಿತು, ಏನೆಂದು ತಕ್ಷಣ ಹೊಳೆಯಲಿಲ್ಲ. ಕೊರಳು ಬರಿದಾಗಿತ್ತು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಮಣಿಗಳಿದ್ದ ಜಾಗ ಮಾತ್ರ ಬೆಳ್ಳಗೆ ಸುತ್ತುಗಟ್ಟಿತ್ತು. ಮಾಳ ಒಳಗೆ ವಿಠ್ಠಲನ ಫೋಟೋದ ಮೇಲೆ ನೇತಾಡುತ್ತಿತ್ತು.

ನನ್ನ ಗಂಡ ಓಡಿ ಬಂದರು. ಅವ್ವ ನೀನೇಕೆ ತೆಗೆದೆ, ನಾನು ತೆಗೆಯುತ್ತೇನೆ, ನಾನು ನಿನ್ನೆ ಮೊನ್ನೆ ಹಾಕಿದವನು ಎಂದು ತಮ್ಮ ಕೊರಳಿಗೆ ಕೈ ಹಾಕಿದರು. ಅತ್ತೆ ಆ ಕೈ ಹಿಡಿದು ಕೆಳಗಿಳಿಸಿದರು.

“ನಿನ್ನ ಮಾಳ ಕೂಸಿನ ಹೆಸರಲೆ ಐತಿ, ಅದನ್ನ ಮುಟ್ಟಬ್ಯಾಡ,” ಎಂದರು. “ನಂದು ಬರೇ ನನ್ನ ಹೆಸರಲೆ ಇತ್ತು.”

ಅಷ್ಟು ಹೇಳಿ ಡಬ್ಬಿ ಎತ್ತಿಕೊಂಡು ಹೊಲಕ್ಕೆ ಹೊರಟರು. ಈ ಸಲ ನಾನೂ ಹಿಂದೆ ಹೋಗಿ, ಗಾಳಿಯ ಎದುರು ಬದಿಗೆ ಬೇವಿನ ಮರದ ಕೆಳಗೆ ಕುಳಿತು ನೋಡಿದೆ. ಆವತ್ತು ಕಲಿತದ್ದನ್ನೇ ಇವತ್ತಿಗೂ ಮಾಡುತ್ತೇನೆ. ಕಬ್ಬಿನ ರವದಿಗೆ, ಅಂದರೆ ಒಣ ಎಲೆಗೆ, ಬೆಂಕಿ ಕೊಟ್ಟು ಆ ಉರಿಯಲ್ಲಿ ರೆಕ್ಕೆಗಳನ್ನು ತಿರುಗಿಸಿ ತಿರುಗಿಸಿ ಉಳಿದ ಪುಕ್ಕದ ಬುಡ ಸುಟ್ಟರು. ಅದರಿಂದ ಚರ್ಮಕ್ಕೆ ಸಣ್ಣ ಹೊಗೆಯ ರುಚಿ ಹಿಡಿಯುತ್ತದೆ. ನಾಲ್ಕು ನೀರಿನಲ್ಲಿ ತೊಳೆದು, ಯಾರ ಉಪ್ಪು ಇದ್ದರೂ ಹೋಗಲಿ ಎಂದು ಇನ್ನೊಮ್ಮೆ ತೊಳೆದರು. ಚೂರು ನೀರು, ಅರಿಶಿನ, ಉಪ್ಪು ಹಾಕಿ ಪಾತ್ರೆ ಮುಚ್ಚಿ ಸಗಣಿ ಕುಳ್ಳಿನ ಬೆಂಕಿಯಲ್ಲಿ ಬೇಯಿಸಿದರು. ನೀರು ಬತ್ತಿ ರೆಕ್ಕೆಯದೇ ಜಿಡ್ಡು ಬಿಡುವವರೆಗೆ ಖಾರ ತೋರಿಸಲೇ ಇಲ್ಲ. ಖಾರ ಮೊದಲೇ ಹಾಕಿದರೆ ಹೊತ್ತಿ ಕಹಿಯಾಗುತ್ತದೆ, ಅವಸರದವರು ಅಲ್ಲೇ ಕೆಡಿಸುವುದು ಎಂದರು. ಆಮೇಲೆ ಕಬ್ಬಿಣದ ಹಂಚು, ಅದರ ಮೇಲೆ ಒಂದೊಂದೇ ರೆಕ್ಕೆ ಬಿಡಿಸಿ ಇಟ್ಟು, ಮನೆಯ ಮಸಾಲಿ ಖಾರ, ಹುರಿದು ಕುಟ್ಟಿದ ಒಣ ಕೊಬ್ಬರಿ, ಎಳ್ಳು, ಬೆಳ್ಳುಳ್ಳಿ. ತುದಿ ಕಟಕಟ ಅನ್ನುವವರೆಗೆ ಕೈಯಿಂದಲೇ ಹೊರಳಿಸಿದರು.

ಕೊನೆಗೆ ಒಂದು ರೆಕ್ಕೆಯಿಂದ ಉಗುರಿನಷ್ಟು ಮಾಂಸ ಕಿತ್ತರು. ಪಂಢರಪುರ ಯಾವ ದಿಕ್ಕಿಗಿದೆ ಎಂದುಕೊಂಡರೋ ಆ ಕಡೆ ಒಂದು ಸಲ ನೋಡಿದರು. ಬಾಯಿಗೆ ಹಾಕಿಕೊಂಡರು. ಇಷ್ಟು ವರ್ಷದ ಮೇಲೆ ನಾಲಿಗೆಗೆ ಹತ್ತಿದ ರುಚಿ, ಏನಾದರೂ ಅಂದಾರು ಎಂದುಕೊಂಡೆ. ಇನ್ನೊಂದು ಚಿಟಿಕೆ ಉಪ್ಪು ಉದುರಿಸಿ, ಮತ್ತೆ ನೋಡಿ, ತಟ್ಟೆಗೆ ಹಾಕಿ ನನ್ನ ಮುಂದಿಟ್ಟರು.

“ತಿನ್ನ, ಈಗ ಬರೋಬರಿ ಐತಿ,” ಎಂದರು.

ತಿಂದೆ. ನಿಪ್ಪಾಣಿ ಗಾಡಿಯವನು ಕ್ಷಮಿಸಲಿ, ಅಂಥ ರೆಕ್ಕೆ ನಾನು ಅದಕ್ಕೂ ಮೊದಲು ತಿಂದಿರಲಿಲ್ಲ. ಚರ್ಮ ಹಲ್ಲಿಗೆ ಚಟ್ ಎಂದಿತು, ಒಳಗಿನ ಮಾಂಸ ತಾನಾಗಿ ಎಲುಬು ಬಿಟ್ಟಿತು, ಖಾರ ಗಂಟಲಿಗಲ್ಲ, ತುಟಿಗೆ ಹತ್ತಿತು. ಎರಡು ರೊಟ್ಟಿ ಜೊತೆಗೆ ಹೋಯಿತು. ಬೇವಿನ ಕೆಳಗೆ ಹಾಗೇ ಒರಗಿದೆ, ಎಚ್ಚರವಾದಾಗ ಸಂಜೆಯಾಗಿತ್ತು, ಹೊಟ್ಟೆ ತಣ್ಣಗಿತ್ತು. ಅತ್ತೆ ಪಕ್ಕದಲ್ಲಿ ಕುಳಿತು ನೊಣ ಹೊಡೆಯುತ್ತಿದ್ದರು.

ಆಮೇಲಿನ ತಿಂಗಳುಗಳಲ್ಲಿ ವಾರಕ್ಕೆ ಎರಡು ಮೂರು ಬಾರಿ ಹೊಲದಲ್ಲಿ ಹೊಗೆ ಏಳುತ್ತಿತ್ತು. ರೆಕ್ಕೆ ಇಳಿದ ಹೊಟ್ಟೆಗೆ ನಿಧಾನಕ್ಕೆ ಹಾಲು, ಬೇಳೆ, ಸೊಪ್ಪು ಕೂಡ ಇಳಿಯತೊಡಗಿದವು. ಡಾಕ್ಟರಮ್ಮ ತೂಕ ನೋಡಿ ಏನು ಔಷಧ ಮಾಡಿದಿರಿ ಎಂದು ಕೇಳಿದರು. ಅತ್ತೆ ಉಪ್ಪು ನೋಡುವಷ್ಟೇ ತಿನ್ನುತ್ತಿದ್ದರು, ಇಡೀ ರೆಕ್ಕೆ ಒಂದನ್ನೂ ಮುಟ್ಟಲಿಲ್ಲ. ಒಂದು ತಿನ್ನಿ ಅತ್ತಿ, ಹೇಗೂ ಮಾಳ ತೆಗೆದಾಗಿದೆ ಎಂದು ನಾನೇ ಒತ್ತಾಯ ಮಾಡಿದ್ದೆ. ಅವರು ತಲೆಯಾಡಿಸಿ ಹಂಚು ತಿಕ್ಕಲು ಹೋದರು.

ಇದರ ಬೆಲೆ ಏನೆಂದು ನನಗೆ ತಿಳಿದದ್ದು ಏಕಾದಶಿಯ ದಿನ. ಗುಡಿಯಲ್ಲಿ ತಾಳ ಮೃದಂಗ ಶುರುವಾದರೆ ಅತ್ತೆ ಮನೆಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಬರಿಗೊರಳಲ್ಲಿ ಆ ಸಾಲಿನಲ್ಲಿ ಹೇಗೆ ಕೂರುವುದು. ಭಜನೆಯ ಹೆಂಗಸರು ಹಾದು ಹೋಗುತ್ತಾ, ಏನವ್ವ ಮುದುಕಿಗೆ ಈ ವಯಸ್ಸಿನಲ್ಲಿ ಕೋಳಿಯ ಚಪಲ ಬಂತು ಎಂದು ಆಡಿಕೊಂಡದ್ದು ನನ್ನ ಕಿವಿಗೇ ಬಿತ್ತು. ನಾನು ಸೆರಗು ಕಟ್ಟಿ ಬೀದಿಗಿಳಿಯಲಿದ್ದೆ, ನನ್ನ ನಾಲಿಗೆಗೆ ಅಂದು ಒಳ್ಳೆಯ ಕೆಲಸವಿತ್ತು. ಬಸಿರಿನ ವಿಷಯ ಹೊರಗೆ ಹೋಗುತ್ತದೆ, ಸುಮ್ಮನಿರು ಎಂದು ಅತ್ತೆ ಕೈ ಹಿಡಿದು ಕೂರಿಸಿದರು. ಕುಳಿತಲ್ಲೇ ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಮಾಡಿದವರಿಗೆ ಇಂಥ ಅತ್ತೆ ಸಿಕ್ಕಿರಲಿಲ್ಲ, ಅಷ್ಟೇ. ಹೆತ್ತವ್ವ ಏನೆಲ್ಲ ಮಾಡಿದ್ದಾಳೆ, ಅಲ್ಲಗಳೆಯುವುದಿಲ್ಲ. ಆದರೆ ನನಗಾಗಿ ತನ್ನ ದೇವರ ಮುಂದೆ ತಲೆ ತಗ್ಗಿಸಿ ನಿಂತವರು ಇವರೊಬ್ಬರೇ.

ಹೆಣ್ಣು ಕೂಸು ಹುಟ್ಟಿತು. ಅತ್ತಿದ್ದು ಎರಡು ಓಣಿಗೆ ಕೇಳಿಸಿತು, ಕಂಡಕ್ಟರಳ ಮಗಳಲ್ಲವೇ. ಕೂಸಿಗೆ ಕತ್ತು ನಿಂತ ಮೇಲೆ, ಜಾತ್ರೆಯ ಗದ್ದಲವಿಲ್ಲದ ಒಂದು ಸಾದಾ ದಿನ, ಎಲ್ಲರೂ ಪಂಢರಪುರಕ್ಕೆ ಹೋದೆವು. ಅತ್ತೆ ಮಾಳವನ್ನು ಸೀರೆಯ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ನನ್ನ ಗಂಡ ಅವರಿಗೆ ಪಾಠ ಹೇಳಿಕೊಡುತ್ತಿದ್ದರು. ಮಾಳ ಹಾಕುವ ಮಠದ ಮಹಾರಾಜರು ಕೇಳಿದರೆ ದಾರ ಹರಿಯಿತು ಅನ್ನು, ಎಲ್ಲರೂ ಹಾಗೇ ಹೇಳುವುದು, ಮುಂದೆ ಕೇಳುವುದಿಲ್ಲ ಎಂದು. ಅತ್ತೆ ಕಿಟಕಿಯಾಚೆಯ ಕಬ್ಬು ನೋಡುತ್ತಾ ಕುಳಿತಿದ್ದರು. ಮತ್ತೆ ಮಾಳ ಹಾಕಲಾರೆ ಎಂದು ಮಹಾರಾಜರು ಅಂದುಬಿಟ್ಟರೆ ಎಂಬ ಭಯ ನನಗೂ ಇತ್ತು.

ಮಠದಲ್ಲಿ ಮಹಾರಾಜರು ಬಹಳ ವಯಸ್ಸಾದವರು. ಮಾಳ ಕೈಗೆ ತೆಗೆದುಕೊಂಡು ದಾರ ಹಿಡಿದು ನೋಡಿದರು. ಗಟ್ಟಿಯಾಗಿತ್ತು. ಇದು ಹರಿದಿಲ್ಲವಲ್ಲ, ಯಾಕೆ ತೆಗೆದೆ ಎಂದು ಮರಾಠಿಯಲ್ಲಿ ಕೇಳಿದರು. ಗಂಡ ನೆಲ ನೋಡಿದರು. ಅತ್ತೆ ಮರಾಠಿಯಲ್ಲೇ ಶುರು ಮಾಡಿ, ಮಾತು ಸಿಗದೆ ನಮ್ಮ ಕನ್ನಡಕ್ಕೆ ಬಂದರು.

“ನಾನ ತಗದೇನ್ರಿ. ಸೊಸಿ ಬಸರಿದ್ದಳು, ಕೋಳಿ ರೆಕ್ಕಿ ಬಿಟ್ರ ಏನೂ ಹೊಟ್ಟ್ಯಾಗ ನಿಲ್ಲತಿದ್ದಿಲ್ಲ. ಮನ್ಯಾಗ ಉಪ್ಪ ನೋಡೋರು ಯಾರೂ ಇದ್ದಿಲ್ರಿ. ನಾ ನೋಡಿದೆ. ಉಗುಳಿಲ್ಲ, ನುಂಗೇನಿ.”

ಮಹಾರಾಜರಿಗೆ ಕನ್ನಡ ಬರುತ್ತಿತ್ತು. ದಾರವನ್ನು ಇನ್ನೊಮ್ಮೆ ಬೆರಳಲ್ಲಿ ಹೊರಳಿಸಿದರು. ಆಮೇಲೆ ಉಪ್ಪು ಸರಿಯಾಗಿತ್ತೇ ಎಂದು ಕೇಳಿದರು.

ಅತ್ತೆ ನನ್ನ ಕಡೆ ತಿರುಗಿ, ಮಡಿಲಲ್ಲಿ ಮಲಗಿದ್ದ ಕೂಸನ್ನು ಎತ್ತಿಕೊಂಡು ಅವರ ಮುಂದೆ ಹಿಡಿದರು. ಅದು ಕಣ್ಣುಬಿಟ್ಟು ಆಕಳಿಸಿತು. ಮಹಾರಾಜರು ಅದರ ತೊಡೆಯ ಮಡಿಕೆಗಳನ್ನು ನೋಡಿದರು, ಕೈ ಮುಗಿದರು, ಆಮೇಲೆ ಮಾಳವನ್ನು ನನ್ನ ಅತ್ತೆಯ ಕೊರಳಿಗೆ ಹಾಕಿದರು.